ಕೂಗಳತೆಯ ಆಚೆ

ಕಳೆದ ತಿಂಗಳು ಬಿ.ಎ. ತರಗತಿಯಲ್ಲಿ ದಶರಥನ ಶಬ್ದವೇಧಿಯ ಪ್ರಸಂಗವನ್ನು ಪಾಠ ಮಾಡುತ್ತಿದ್ದೆ. ಕತೆ ಎಲ್ಲರಿಗೂ ತಿಳಿದದ್ದೇ. ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ತರುಣ ರಾಜಕುಮಾರನು ಬಾಣ ಬಿಡುತ್ತಾನೆ. ಅದು ಶ್ರವಣಕುಮಾರನಿಗೆ ನಾಟುತ್ತದೆ. ಗಂಟೆ ಬಾರಿಸಲು ಐದು ನಿಮಿಷವಿರುವಾಗ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಎದ್ದುನಿಂತು, "ಸರ್, ದಶರಥನ ಗುರಿ ತಪ್ಪಿತೋ, ತಪ್ಪಲಿಲ್ಲವೋ?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆನೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಪ್ರಶ್ನೆ ನಗುವಂಥದಾಗಿರಲಿಲ್ಲ. ಸದ್ದು ಎಲ್ಲಿಂದ ಬಂದಿತೋ ಬಾಣ ಅಲ್ಲಿಗೇ ಹೋಯಿತು. ಬಿಲ್ಲುಗಾರಿಕೆಯ ಲೆಕ್ಕದಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲ. "ನಾಳೆ ಹೇಳುತ್ತೇನೆ" ಎಂದು ಗಂಟೆಯ ನೆರವಿನಿಂದ ಪಾರಾದೆ.

ನಾಳೆ ಎಂದದ್ದು ನಾಲ್ಕು ವಾರವಾಯಿತು. ಅಷ್ಟರಲ್ಲಿ, ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರ ಮುಂದೆ ಈ ಪ್ರಶ್ನೆಯನ್ನು ಇಟ್ಟದ್ದೇ ತಪ್ಪಾಯಿತು. ಅವರು ನನ್ನನ್ನು ಸರಯೂ ತೀರದಿಂದ ಎಬ್ಬಿಸಿ ಫ್ರಾನ್ಸಿನ ಕಾಡೊಂದಕ್ಕೆ ಕರೆದೊಯ್ದರು. "ಮೇಷ್ಟ್ರೇ, ನಿಮ್ಮ ದಶರಥ ಸದ್ದನ್ನಾದರೂ ಕೇಳಿ ಹೊಡೆದ. ಕಾಣದೆ, ಕೇಳದೆ ೧೨೦ ಕಿಲೋಮೀಟರಿನಾಚೆಗೆ ಹೊಡೆದವರ ವಿಚಾರ ಓದಿ ನೋಡಿ" ಎಂದರು. ಓದಿದೆ. ಸಾಹಿತ್ಯದ ಪುಟದಲ್ಲಿ ಫಿರಂಗಿಯ ಮಾತೇಕೆ ಎಂದು ಕೇಳುವ ಓದುಗರು ಇಷ್ಟರಿಂದ ನನ್ನನ್ನು ಕ್ಷಮಿಸಬೇಕು.

೧೯೧೮ರ ಮಾರ್ಚ್ ೨೩, ಶನಿವಾರ. ಬೆಳಗಿನ ಏಳು ಗಂಟೆ ದಾಟಿದ ಮೇಲೆ ಪ್ಯಾರಿಸಿನಲ್ಲಿ ಒಂದು ಸ್ಫೋಟವಾಯಿತು. ಸುಮಾರು ಕಾಲುಗಂಟೆಯ ತರುವಾಯ ಮತ್ತೊಂದು, ಅನಂತರ ಮತ್ತೊಂದು. ಜನ ಆಕಾಶ ನೋಡಿದರು. ವಿಮಾನದ ಸದ್ದಿಲ್ಲ, ನೆರಳಿಲ್ಲ. ಕಣ್ಣಿಗೆಟುಕದ ಎತ್ತರದಿಂದ ಯಾರೋ ಬಾಂಬು ಹಾಕುತ್ತಿದ್ದಾರೆಂದೇ ಮೊದಲು ಭಾವಿಸಿದರು. ಬಿದ್ದ ಕಡೆ ಆಯ್ದ ಉಕ್ಕಿನ ಚೂರುಗಳನ್ನು ಪರೀಕ್ಷಿಸಿದಾಗ ಅವುಗಳ ಮೈಮೇಲೆ ನಳಿಗೆಯ ತಿರುಪುಗಳಿಗೆ ಹೊಂದುವ ಗೀರುಗಳಿದ್ದವು. ಎಂದರೆ ಇದು ಫಿರಂಗಿಯ ಗುಂಡು. ಯುದ್ಧರಂಗವೋ ನೂರು ಕಿಲೋಮೀಟರಿಗೂ ಆಚೆ. ಅಂಥ ಫಿರಂಗಿ ಲೋಕದಲ್ಲಿ ಇದೆಯೆಂದು ಅಂದಿನವರೆಗೆ ಯಾರೂ ಕೇಳಿರಲಿಲ್ಲ. ಅದು ಇದ್ದದ್ದು ಲಾನ್ ಪಟ್ಟಣದ ಬಳಿಯ ಕ್ರೆಪಿ ಎಂಬಲ್ಲಿನ ಮರಗಳ ಮರೆಯಲ್ಲಿ. ಬೆಂಗಳೂರಿನಲ್ಲಿ ಸಿಡಿಸಿದ ಗುಂಡು ಶ್ರೀರಂಗಪಟ್ಟಣವನ್ನೂ ದಾಟಿ ಬಿದ್ದರೆ ಎಷ್ಟೋ, ಅಷ್ಟು ದೂರ.

ಇದನ್ನು ಮಾಡಿದವರು ಜರ್ಮನಿಯ ಕ್ರುಪ್ ಕಾರ್ಖಾನೆಯವರು. ಮುಖ್ಯ ವಿನ್ಯಾಸಕಾರ ಫ್ರಿಟ್ಜ್ ರಾಸೆನ್‌ಬರ್ಗರ್. ಯುದ್ಧನೌಕೆಗೆಂದು ಮಾಡಿದ್ದ ೩೮ ಸೆಂಟಿಮೀಟರ್ ಬಾಯಿಯ ನಳಿಗೆಯೊಳಗೆ ೨೧ ಸೆಂಟಿಮೀಟರಿನ ಮತ್ತೊಂದು ನಳಿಗೆಯನ್ನು ತೂರಿಸಿ, ಅದನ್ನು ಮುಂದಕ್ಕೆ ಬೆಳೆಸಿದರು. ಒಟ್ಟು ಉದ್ದ ಸುಮಾರು ೩೪ ಮೀಟರ್. ತನ್ನ ಭಾರಕ್ಕೆ ತಾನೇ ಬಾಗುತ್ತಿದ್ದುದರಿಂದ ಸೇತುವೆಗೆ ಕೊಡುವಂಥ ಕಟ್ಟುಗಳನ್ನು ಮೇಲಿನಿಂದ ಕೊಡಬೇಕಾಯಿತು. ನೂರು ಕಿಲೋಗ್ರಾಂ ಮೀರಿದ ಗುಂಡು ಸೆಕೆಂಡಿಗೆ ಸುಮಾರು ೧,೬೦೦ ಮೀಟರ್ ವೇಗದಲ್ಲಿ ಹೊರಬೀಳುತ್ತಿತ್ತು. ದೂರ ಹೋಗುವ ಗುಟ್ಟು ವೇಗದಲ್ಲಿ ಮಾತ್ರವಲ್ಲ, ಎತ್ತರದಲ್ಲಿಯೂ ಇದೆಯೆಂದು ಸಹೋದ್ಯೋಗಿಗಳು ಬಿಡಿಸಿ ಹೇಳಿದರು. ಗುಂಡಿಗೆ ದೊಡ್ಡ ಶತ್ರು ಗಾಳಿ. ಬಾಯಿಯನ್ನು ಸಾಕಷ್ಟು ಮೇಲಕ್ಕೆತ್ತಿ ಹೊಡೆದರೆ ಗುಂಡು ದಟ್ಟವಾದ ಗಾಳಿಯನ್ನು ಬೇಗ ದಾಟಿ, ತಡೆಯೇ ಇಲ್ಲವೆನ್ನಬಹುದಾದಷ್ಟು ತೆಳುವಾದ ಗಾಳಿಯಲ್ಲಿ ದಾರಿಯ ಬಹುಭಾಗವನ್ನು ಕ್ರಮಿಸುತ್ತದೆ. ಪ್ಯಾರಿಸಿನ ಗುಂಡು ಏರಿದ್ದು ಸುಮಾರು ೪೦ ಕಿಲೋಮೀಟರ್. ಮನುಷ್ಯನ ಕೈಯಿಂದ ಹೊರಟ ಯಾವ ವಸ್ತುವೂ ಅದಕ್ಕೆ ಮೊದಲು ಅಷ್ಟು ಮೇಲೇರಿರಲಿಲ್ಲ. ಇಳಿದು ಬೀಳಲು ಒಟ್ಟು ಮೂರು ನಿಮಿಷ. ಆ ಮೂರು ನಿಮಿಷದಲ್ಲಿ ಕೆಳಗಿನ ಭೂಮಿ ತಿರುಗಿರುತ್ತದೆ! ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಗುಂಡು ಒಂದು ಕಿಲೋಮೀಟರಿಗೂ ಹೆಚ್ಚು ಬಲಕ್ಕೆ ಬೀಳುತ್ತಿತ್ತಂತೆ.

ಇಷ್ಟು ಓದುವ ಹೊತ್ತಿಗೆ ನನಗೆ ಬಂದದ್ದು ಮೆಚ್ಚುಗೆ ಎಂಬುದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ವಿವರವಂತೂ ಕವಿಗೂ ಹೊಳೆಯುವಂಥದಲ್ಲ. ಒಂದೊಂದು ಗುಂಡೂ ಹೊರಬೀಳುವಾಗ ನಳಿಗೆಯ ಒಳಮೈಯನ್ನು ಸವೆಸುತ್ತಿತ್ತು. ಆದ್ದರಿಂದ ಮುಂದಿನ ಗುಂಡು ಹಿಂದಿನದಕ್ಕಿಂತ ಸ್ವಲ್ಪ ದಪ್ಪ. ಗುಂಡುಗಳ ಮೇಲೆ ಸಂಖ್ಯೆ ಕೆತ್ತಿ, ಆ ಕ್ರಮದಲ್ಲಿಯೇ ತುಂಬುತ್ತಿದ್ದರು. ಅರುವತ್ತು ಚಿಲ್ಲರೆ ಗುಂಡುಗಳಾದ ಮೇಲೆ ನಳಿಗೆಯನ್ನೇ ಬಿಚ್ಚಿ ಕಾರ್ಖಾನೆಗೆ ಕಳಿಸಿ, ಬಾಯಿಯನ್ನು ಅಗಲಗೊಳಿಸಿ ತರಬೇಕು.

ನಮ್ಮಲ್ಲಿ ಯಾರೇ ವಿಜಯಪುರಕ್ಕೆ ಹೋದರೂ ಮಲಿಕ್-ಎ-ಮೈದಾನದ ಮುಂದೆ ನಿಂತು ಕೇಳುವ ಪ್ರಶ್ನೆಗಳು ಎರಡೇ: ತೂಕವೆಷ್ಟು, ಎಷ್ಟು ದೂರ ಹೊಡೆಯುತ್ತಿತ್ತು. ೧೫೪೯ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಆ ತೋಪಿನ ತೂಕ ಸುಮಾರು ೫೫ ಟನ್ ಎಂದು ಮಾರ್ಗದರ್ಶಕರು ಹೇಳಿದ ಕೂಡಲೇ ನಾವು ತೃಪ್ತರಾಗಿ ಫೋಟೋ ತೆಗೆಸಿಕೊಳ್ಳುತ್ತೇವೆ. ಗುಂಡು ಬೀಳುತ್ತಿದ್ದ ಜಾಗವನ್ನು ತೋರಿಸಿರೆಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಲಿಲ್ಲ.

ಕ್ರೆಪಿಯ ಫಿರಂಗಿಯನ್ನು ನಡೆಸಿದವರು ನೌಕಾಪಡೆಯವರು. ಕಾಡಿನ ಮಧ್ಯೆ ನಾವಿಕರಿಗೇನು ಕೆಲಸವೆನಿಸಬಹುದು. ದೊಡ್ಡ ತೋಪಿನ ವಿದ್ಯೆ ಆಗ ಇದ್ದದ್ದೇ ಕಡಲಿನವರ ಕೈಯಲ್ಲಿ. ಅವರ ಕಷ್ಟವನ್ನು ಊಹಿಸಿ ನೋಡಿ: ತಾವು ನಿಂತ ಹಡಗು ಓಡುತ್ತಿದೆ, ಹೊರಳುತ್ತಿದೆ, ಎದುರಿನ ಹಡಗೂ ಓಡುತ್ತಿದೆ. ಗುಂಡು ಹೋಗಿ ತಲಪುವಷ್ಟರಲ್ಲಿ ಅದು ಇದ್ದಲ್ಲಿ ಇರುವುದಿಲ್ಲ. ದೂರಮಾಪಕದ ಅಂದಾಜು, ಮದ್ದಿನ ಬಿಸಿ, ಗಾಳಿಯ ಬೀಸು, ನಳಿಗೆಯ ಸವೆತ, ಇವುಗಳಲ್ಲಿ ಯಾವುದು ಎಳ್ಳಷ್ಟು ಬದಲಾದರೂ ಬೀಳುವ ಜಾಗ ಬದಲಾಗುತ್ತದೆ. ಒಂದೇ ಫಿರಂಗಿಯಿಂದ ಒಂದೇ ಬಗೆಯಲ್ಲಿ ಹೊಡೆದ ಹತ್ತು ಗುಂಡುಗಳು ಹತ್ತು ಕಡೆ ಬೀಳುತ್ತವೆ. ಆದ್ದರಿಂದ ನಾವಿಕರು ಕಂಡುಕೊಂಡ ಉಪಾಯವೆಂದರೆ ಹಲವು ಗುಂಡುಗಳನ್ನು ಒಟ್ಟಿಗೆ ಹೊಡೆದು, ಸಮುದ್ರದಲ್ಲಿ ನೀರು ಎಲ್ಲಿ ಚಿಮ್ಮಿತೆಂದು ನೋಡುವುದು. ಆಚೆ ಬಿದ್ದರೆ ತಗ್ಗಿಸುವುದು, ಈಚೆ ಬಿದ್ದರೆ ಏರಿಸುವುದು. ನೀರಿನ ಕಂಬಗಳು ಶತ್ರುವಿನ ಎರಡೂ ಮಗ್ಗುಲಿಗೆ ಎದ್ದಾಗ ದೂರ ಸಿಕ್ಕಿತೆಂದು ತಿಳಿಯುವುದು. ಕಡಲಿನ ಗೋಲಂದಾಜನ ಜಾಣತನವೆಲ್ಲ ಮೊದಲ ಹೊಡೆತದಲ್ಲಿಲ್ಲ, ತನ್ನ ತಪ್ಪನ್ನು ಕಣ್ಣಾರೆ ಕಂಡು ತಿದ್ದಿಕೊಳ್ಳುವುದರಲ್ಲಿದೆ. ನಲವತ್ತು ದಾಟಿದ ಅಧ್ಯಾಪಕನಿಗೆ ಇದು ಬಹಳ ಹಿಡಿಸಿತು.

ಆದರೂ ಫಲವೆಷ್ಟು? ೧೯೧೪ರ ಡಿಸೆಂಬರ್ ೮ರಂದು ಫಾಕ್ಲಂಡ್ ದ್ವೀಪಗಳ ಬಳಿ ಎರಡು ಜರ್ಮನ್ ಹಡಗುಗಳನ್ನು ಮುಳುಗಿಸಲು ಬ್ರಿಟಿಷರು ಸಾವಿರಕ್ಕೂ ಮೀರಿದ ೧೨ ಅಂಗುಲದ ಗುಂಡುಗಳನ್ನು ಸುರಿದರು. ೧೯೧೬ರ ಜಟ್ಲೆಂಡ್ ಕದನದಲ್ಲಿ ಎರಡೂ ಕಡೆಯ ದೊಡ್ಡ ಗುಂಡುಗಳಲ್ಲಿ ತಾಗಿದ್ದು ನೂರಕ್ಕೆ ಮೂರರ ಆಸುಪಾಸು. ೧೯೪೦ರ ಜುಲೈ ೯ರಂದು ಇಟಲಿಯ ಕರಾವಳಿಯಾಚೆ 'ವಾರ್‌ಸ್ಪೈಟ್' ಎಂಬ ಬ್ರಿಟಿಷ್ ನೌಕೆ ಸುಮಾರು ೨೪ ಕಿಲೋಮೀಟರ್ ದೂರದಲ್ಲಿ ಓಡುತ್ತಿದ್ದ 'ಜೂಲಿಯೊ ಚೇಸರೆ'ಗೆ ಗುಂಡು ತಾಗಿಸಿದ್ದನ್ನು ಇಂದಿಗೂ ದಾಖಲೆಯಂತೆ ಹೇಳುತ್ತಾರೆ. ಫಿರಂಗಿ ಎಷ್ಟು ದೂರ ಎಸೆಯಬಲ್ಲುದು ಎಂಬುದು ಒಂದು ಮಾತು, ಎಷ್ಟು ದೂರದಲ್ಲಿ ತಾಗಿಸಬಲ್ಲುದು ಎಂಬುದು ಬೇರೆಯೇ ಮಾತು. ಹೊಗಳುವವರು ಯಾವಾಗಲೂ ಮೊದಲನೆಯದನ್ನೇ ಹೇಳುತ್ತಾರೆ.

ನಮ್ಮ ನೆರೆಯ ಮದರಾಸಿಗೂ ಕಡಲಿನ ಗುಂಡಿನ ಅನುಭವವಿದೆ. ೧೯೧೪ರ ಸೆಪ್ಟೆಂಬರ್ ೨೨ರ ರಾತ್ರಿ 'ಎಂಡೆನ್' ಎಂಬ ಜರ್ಮನ್ ಹಡಗು ಬಂದರಿನ ಮುಂದೆ ನಿಂತು ನೂರಕ್ಕೂ ಹೆಚ್ಚು ಗುಂಡು ಹಾರಿಸಿ ಎಣ್ಣೆಯ ತೊಟ್ಟಿಗಳಿಗೆ ಬೆಂಕಿ ಹಚ್ಚಿತು. ಅದು ನಿಂತದ್ದು ಸುಮಾರು ಮೂರೇ ಕಿಲೋಮೀಟರ್ ದೂರದಲ್ಲಿ. ತನ್ನ ಹುಡುಕುದೀಪದ ಬೆಳಕಿನಲ್ಲಿ ಅದಕ್ಕೆ ತೊಟ್ಟಿಗಳು ಕಾಣುತ್ತಿದ್ದವು. ಯುದ್ಧ ಯುದ್ಧವೇ, ಅಂದೂ ಕೆಲವರು ಸತ್ತರು. ಆದರೆ ಕಪ್ತಾನನು ಏನನ್ನು ಹೊಡೆಯುತ್ತಿದ್ದೇನೆಂಬುದನ್ನು ಬಲ್ಲವನಾಗಿದ್ದ.

ಕ್ರೆಪಿಯ ಕಾಡಿನಲ್ಲಿ ಆ ಬಲ್ಲತನವಿರಲಿಲ್ಲ. ನೀರು ಚಿಮ್ಮುವುದನ್ನು ನೋಡುವ ಕಣ್ಣು ಅಲ್ಲಿ ಯಾರಿಗಿದೆ? ಲೆಕ್ಕ ಎಷ್ಟೇ ಸೂಕ್ಷ್ಮವಾಗಿದ್ದರೂ ಗುಂಡುಗಳು ಕಿಲೋಮೀಟರುಗಟ್ಟಲೆ ಚೆದುರಿ ಬೀಳುತ್ತಿದ್ದವು. ಒಂದು ಕೋಟೆಗೋ ಕಾರ್ಖಾನೆಗೋ ಸೇತುವೆಗೋ ಗುರಿಯಿಡುವುದು ಆ ಫಿರಂಗಿಯಿಂದ ಆಗದ ಮಾತು. ಅದು ತಾಗಿಸಬಲ್ಲ ಅತಿ ಚಿಕ್ಕ ಗುರಿಯೆಂದರೆ ಪ್ಯಾರಿಸ್ ನಗರ. ಕನ್ನಡದ ಗುರಿ ಎಂಬ ಶಬ್ದವನ್ನು ಇಲ್ಲಿ ಬಳಸಲು ನನಗೆ ಸಂಕೋಚವಾಗುತ್ತದೆ. ಊರಿಗೆ ಊರೇ ಗುರಿಯಾದಾಗ ಗುಂಡು ತಪ್ಪುವುದೇ ಇಲ್ಲವಲ್ಲ!

ಮಾರ್ಚ್ ೨೯ ಗುಡ್ ಫ್ರೈಡೆ. ಸೇನ್ ನದಿಯ ದಂಡೆಗೆ ಹತ್ತಿರದ ಸೇಂಟ್ ಜರ್ವೆ ಚರ್ಚಿನಲ್ಲಿ ಮಧ್ಯಾಹ್ನದ ಪ್ರಾರ್ಥನೆಗೆ ಜನ ನೆರೆದಿದ್ದರು. ಗುಂಡೊಂದು ಮಾಡಿಗೆ ಬಿದ್ದಿತು. ಕಲ್ಲಿನ ಕಮಾನು ಮುರಿದು ಪ್ರಾರ್ಥಿಸುತ್ತಿದ್ದವರ ಮೇಲೆ ಕುಸಿಯಿತು. ಸತ್ತವರು ಸುಮಾರು ೯೦. ಆಗಸ್ಟ್ ೯ರವರೆಗೆ, ನಡುನಡುವೆ ನಿಂತು ನಿಂತು, ಬಿದ್ದ ಮುನ್ನೂರಕ್ಕೂ ಮೀರಿದ ಗುಂಡುಗಳಿಂದ ಒಟ್ಟು ಸತ್ತವರು ೨೫೦ಕ್ಕೂ ಹೆಚ್ಚು. ಅವರಲ್ಲಿ ಮೂರರಲ್ಲೊಂದು ಪಾಲು ಆ ಒಂದೇ ಮಧ್ಯಾಹ್ನದ್ದು. ಚರ್ಚಿಗೆಂದು ಯಾರೂ ಹೊಡೆಯಲಿಲ್ಲ. ಹೊಡೆಯಲು ಬರುತ್ತಲೂ ಇರಲಿಲ್ಲ. ಕಾಡಿನಲ್ಲಿದ್ದವರಿಗೆ ಅದು ಸಂಖ್ಯೆ ಕೆತ್ತಿದ ಇನ್ನೊಂದು ಗುಂಡು ಮಾತ್ರ. ಅದು ಹೋದ ಮೇಲೆ ಅದಕ್ಕಿಂತ ಸ್ವಲ್ಪ ದಪ್ಪನೆಯ ಮುಂದಿನ ಗುಂಡನ್ನು ತುಂಬಿದರು. ಯುದ್ಧದ ಕೊನೆಗೆ ಆ ಫಿರಂಗಿಯನ್ನು ಜರ್ಮನರು ಸಾಗಿಸಿಬಿಟ್ಟರು. ಗೆದ್ದವರ ಕೈಗೆ ಅದು ಸಿಗಲೇ ಇಲ್ಲ.

ನಮ್ಮ ಹಳ್ಳಿಗಳಲ್ಲಿ ದೂರಕ್ಕೆ ಒಂದು ಅಳತೆಯಿದೆ: ಕೂಗಳತೆ. ಕೂಗಿದರೆ ಕೇಳುವಷ್ಟು ದೂರ. ಮಾರು, ಹರದಾರಿ, ಗಾವುದಗಳನ್ನು ಕಾಲು ಕೈಗಳಿಂದ ಅಳೆದರು. ಇದೊಂದನ್ನು ಮಾತ್ರ ಇನ್ನೊಬ್ಬನ ಕಿವಿಯಿಂದ ಅಳೆದರು. ದಶರಥ ಬಾಣ ಬಿಟ್ಟದ್ದು ಕೂಗಳತೆಯೊಳಗೆ. ಬಾಣ ನಾಟಿದ ಕ್ಷಣವೇ ಅವನಿಗೆ ಕೇಳಿದ್ದು ಆನೆಯ ಘೀಳಲ್ಲ, ಮನುಷ್ಯನ ಕೂಗು. ಆಮೇಲೆ ಅವನು ಮಾಡಿದ್ದೆಲ್ಲ ಆ ಕೂಗು ಕೇಳಿದ್ದರಿಂದ.

ಈಗ ಕಾಲ ಬದಲಾಗಿದೆ ಎಂದು ಸಹೋದ್ಯೋಗಿಗಳು ವಾದಿಸಿದರು. ೧೯೯೧ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಹಳೆಯ ಯುದ್ಧನೌಕೆಗಳು ೧೬ ಅಂಗುಲದ ಫಿರಂಗಿಗಳಿಂದ ಹೊಡೆದಾಗ ಗುಂಡು ಬೀಳುವ ಜಾಗವನ್ನು ನೋಡಿ ಹೇಳಲು ಚಾಲಕನಿಲ್ಲದ ಪುಟ್ಟ ವಿಮಾನಗಳಿದ್ದವು. ೨೦೦೭ರಲ್ಲಿ ಇರಾಕಿನಲ್ಲಿ ಮೊದಲು ಬಳಸಿದ ಎಕ್ಸ್‌ಕ್ಯಾಲಿಬರ್ ಎಂಬ ಗುಂಡು ಉಪಗ್ರಹದ ಸಂಕೇತವನ್ನು ಹಿಡಿದು, ದೂರದಿಂದ ಹಾರಿ ಬಂದರೂ ಕೆಲವೇ ಮೀಟರುಗಳ ಅಂತರದಲ್ಲಿ ಬೀಳುತ್ತದೆ. ಉಕ್ರೇನಿನಲ್ಲಿ ಎದುರಾಳಿಗಳು ಆ ಸಂಕೇತಕ್ಕೆ ಅಡ್ಡಿ ಮಾಡಿದಾಗ ಅದೂ ದಾರಿ ತಪ್ಪಿದ ವರದಿಗಳು ಬಂದವು. ಅದೂ ಒಂದು ಬಗೆಯ ಶಬ್ದವೇಧಿಯೇ ಅಲ್ಲವೆ ಎಂದೆ. ಅವರು ಒಪ್ಪಲಿಲ್ಲ.

ಅವರು ಹೇಳಿದ ಒಂದು ಸಂಗತಿ ಮಾತ್ರ ನನ್ನನ್ನು ಬಿಡುತ್ತಿಲ್ಲ. ೧೯೯೧ರಲ್ಲಿಯೇ ಕುವೈತಿನ ಫೈಲಕ ದ್ವೀಪದಲ್ಲಿದ್ದ ಇರಾಕಿ ಸೈನಿಕರು, ತಲೆಯ ಮೇಲೆ ಆ ಪುಟ್ಟ ವಿಮಾನದ ಸದ್ದು ಕೇಳಿಸಿತೆಂದರೆ ಬೆನ್ನಿಗೇ ಗುಂಡು ಬರುತ್ತದೆಂಬುದನ್ನು ಅನುಭವದಿಂದ ಅರಿತು, ಹೊರಗೆ ಬಂದು ಆಕಾಶದ ಕಡೆ ಬಿಳಿಯ ಬಟ್ಟೆ ಬೀಸಿದರಂತೆ. ಯಂತ್ರದಲ್ಲಿ ಮನುಷ್ಯರಿರಲಿಲ್ಲ. ಬಹು ದೂರದ ಹಡಗಿನಲ್ಲಿ ಯಾರೋ ಪರದೆಯ ಮೇಲೆ ಅದನ್ನು ಕಂಡರು, ಫಿರಂಗಿ ಸುಮ್ಮನಾಯಿತು. ಅವರು ಕೂಗಿಯೂ ಇದ್ದಿರಬಹುದು.

ಸೋಮವಾರ ಮತ್ತೆ ಅದೇ ತರಗತಿ ಇದೆ. ದಶರಥನು ಆ ಕೊಡವನ್ನು ತುಂಬಿಕೊಂಡು ಕುರುಡ ತಂದೆತಾಯಿಗಳ ಬಳಿಗೆ ಹೋಗುವ ಭಾಗ ಇನ್ನೂ ಪಾಠವಾಗಬೇಕು.