ಸಿಎನ್‌ಜಿ ಗಾಡಿ: ಒಂದು ಕೆಜಿ ಗ್ಯಾಸಿಗೆ ಇನ್ನೆರಡು ಕಿಲೋಮೀಟರ್ ಹೆಚ್ಚಿಗೆ ಓಡಿಸೋದು ಹೇಗೆ?

ಕೋಲಾರ ಕಡೆಯಿಂದ ಬೆಂಗಳೂರಿಗೆ ತರಕಾರಿ ಹಾಕೋ ಹುಡುಗರಲ್ಲಿ ಸಿಎನ್‌ಜಿ ಮಿನಿ ಟ್ರಕ್ ಇಟ್ಟುಕೊಂಡವರು ಈಗ ನನಗೆ ಆಗಾಗ ಸಿಗ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: ಮೈಲೇಜ್ ಯಾಕೆ ಬರ್ತಿಲ್ಲ?

ನನ್ನದೇ ಲೆಕ್ಕ ನೋಡಿ. ಹೋಗಿ ಬರೋಕೆ 140 ಕಿ.ಮೀ. ಕೆಜಿಗೆ 17.5 ಕಿ.ಮೀ. ಕೊಡೋ ಗಾಡಿಗೆ 8 ಕೆಜಿ ಗ್ಯಾಸ್ ಬೇಕು. ಅದೇ ಗಾಡಿ 20 ಕೊಟ್ಟರೆ 7 ಕೆಜಿ ಸಾಕು. ತಿಂಗಳಿಗೆ 12 ಟ್ರಿಪ್ ಅಂದ್ರೆ 12 ಕೆಜಿ ಉಳೀತು. ಕೆಜಿಗೆ 90 ರೂಪಾಯಿ ಅಂತ ಇಟ್ಟುಕೊಂಡರೆ 1,080 ರೂಪಾಯಿ. ಬೀನ್ಸ್ ರೇಟು ಬಿದ್ದ ವಾರದಲ್ಲಿ ಕೈಗೆ ಉಳಿಯೋದು ಇಷ್ಟೇ ಇರುತ್ತೆ.

ಮೊದಲು ಅಳತೆ ಸರಿ ಇರಬೇಕು. ಡ್ಯಾಶ್‌ಬೋರ್ಡಿನ ಗೆರೆ ನಂಬಬೇಡಿ. ಅದು ತೋರಿಸೋದು ಒತ್ತಡ, ತೂಕ ಅಲ್ಲ. ಬಂಕಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬ್ತಾರೆ. ಬೇಗ ತುಂಬುವಾಗ ಸಿಲಿಂಡರ್ ಒಳಗೆ ಗ್ಯಾಸ್ ಬಿಸಿಯಾಗುತ್ತೆ, ಹಾಗಾಗಿ ಕಮ್ಮಿ ಗ್ಯಾಸಿಗೇ ಒತ್ತಡ ಮುಟ್ಟಿಬಿಡುತ್ತೆ. ಗಾಡಿ ತಣ್ಣಗಾದ ಮೇಲೆ ಗೆರೆ ಇಳಿಯೋದು ಇದಕ್ಕೇ. ಬೆಳಗಿನ ಜಾವ ತುಂಬಿಸಿದರೆ ಮೈಲೇಜ್ ಜಾಸ್ತಿ ಅನ್ನೋ ಮಾತೂ ಇಲ್ಲಿಂದಲೇ ಹುಟ್ಟಿದ್ದು. ತಂಪಿನಲ್ಲಿ ಸ್ವಲ್ಪ ಹೆಚ್ಚು ಕೆಜಿ ಹಿಡಿಯುತ್ತೆ, ಅಷ್ಟೇ. ನೀವು ದುಡ್ಡು ಕೊಡೋದು ಕೆಜಿ ಲೆಕ್ಕಕ್ಕೆ ತಾನೆ? ಬಿಲ್ಲಿನ ಕೆಜಿ, ಓಡಿದ ಕಿ.ಮೀ. ಎರಡನ್ನೂ ಫೋನಿನಲ್ಲಿ ಬರೆದಿಡಿ. ಐದಾರು ಸಲದ ಸರಾಸರಿ ತಗೊಳ್ಳಿ. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸಿಗೆ ಬದಲಾಗೋ ಗಾಡಿಯಾದರೆ ಪೆಟ್ರೋಲ್ ಖರ್ಚನ್ನೂ ಸೇರಿಸಿ. ತೋಟದಿಂದ ಊರಿಗೆ ಹತ್ತು ಸಲ ಓಡಾಡೋರಿಗೆ ಅದೇ ಒಂದು ಲೆಕ್ಕ ಆಗುತ್ತೆ.

ಇನ್ನು ಎಂಜಿನ್. ಸಿಎನ್‌ಜಿ ಅಂದ್ರೆ ಬಹುಪಾಲು ಮೀಥೇನ್. ಇದನ್ನು ಹೊತ್ತಿಸೋಕೆ ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಪ್ಲಗ್ ಸವೆದಿದ್ದರೆ ಕೆಲವು ಸಲ ಗ್ಯಾಸ್ ಉರಿಯದೆ ಹಾಗೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತೆ. ಗುರುತು ಸುಲಭ: ಪೆಟ್ರೋಲಿನಲ್ಲಿ ನುಣ್ಣಗೆ ಓಡೋ ಗಾಡಿ ಗ್ಯಾಸಿಗೆ ಬಂದ ತಕ್ಷಣ ಜಗ್ಗಿದರೆ ಮೊದಲು ಪ್ಲಗ್, ಆಮೇಲೆ ಕಾಯಿಲ್ ನೋಡಿಸಿ. ಗ್ಯಾಪ್ ಎಷ್ಟಿರಬೇಕು ಅಂತ ಗಾಡಿ ಪುಸ್ತಕದಲ್ಲೇ ಇರುತ್ತೆ, ಮೆಕ್ಯಾನಿಕ್ ಅಂದಾಜಿಗೆ ಬಿಡಬೇಡಿ. ಏರ್ ಫಿಲ್ಟರ್ ವಿಷಯದಲ್ಲಿ ನಮ್ಮಂಥವರಿಗೆ ಕಷ್ಟ ಜಾಸ್ತಿ, ಯಾಕಂದ್ರೆ ಹೊಲದ ದಾರಿ ಪೂರ್ತಿ ಧೂಳು. ಆಮೇಲೆ ಹಾಕಿಸಿದ ಹಳೇ ಕಿಟ್ ಇದ್ದರೆ ಫಿಲ್ಟರ್ ಕಟ್ಟಿಕೊಂಡಾಗ ಗಾಳಿ ಕಮ್ಮಿಯಾಗಿ ಗ್ಯಾಸ್ ಪಾಲು ಹೆಚ್ಚುತ್ತೆ, ನೇರ ಮೈಲೇಜಿಗೆ ಹೊಡೆತ. ಸರ್ವಿಸ್ ಟೈಮಿಗೆ ಟ್ಯಾಪೆಟ್ ಗ್ಯಾಪನ್ನೂ ನೋಡಿಸಿ. ಗ್ಯಾಸ್ ಒಣ ಇಂಧನ, ವಾಲ್ವ್ ಸೀಟು ಬೇಗ ಸವೆಯಬಹುದು.

ಗ್ಯಾಸಿನಲ್ಲಿ ಎಳೆತ ಸ್ವಲ್ಪ ಕಮ್ಮಿ. ಏರಿನಲ್ಲಿ ಟಾಪ್ ಗೇರಿನಲ್ಲೇ ಆಕ್ಸಿಲರೇಟರ್ ತುಳಿದು ಗಾಡಿ ನರಳಿಸೋದು ಬೇಡ, ಒಂದು ಗೇರ್ ಮೊದಲೇ ಇಳಿಸಿ. ಹೈವೇನಲ್ಲಿ 50-60ರಲ್ಲಿ ಹೋಗಿ. ಕ್ರೇಟುಗಳನ್ನು ಕ್ಯಾಬಿನ್‌ಗಿಂತ ಎತ್ತರ ಪೇರಿಸಿದರೆ, ಟಾರ್ಪಾಲ್ ಪಟಪಟ ಅಂತ ಹಾರಾಡ್ತಿದ್ದರೆ ಗಾಳಿ ಹಿಂದಕ್ಕೆ ಎಳೆಯುತ್ತೆ. ತೊಳೆದ ಸೊಪ್ಪಿನ ನೀರು ಇಳಿಸಿ ಲೋಡ್ ಮಾಡಿ, ನೀರಿಗೂ ಬಾಡಿಗೆ ಕೊಡೋದ್ಯಾಕೆ? ಟೈರ್ ಗಾಳಿ ಬೆಳಿಗ್ಗೆ ಗಾಡಿ ತೆಗೆಯೋ ಮುಂಚೆ ನೋಡಿ.

ದೊಡ್ಡ ಉಳಿತಾಯ ಮಾತ್ರ ಗಾಡಿಯಲ್ಲಿಲ್ಲ, ಟ್ರಿಪ್ಪಿನಲ್ಲಿದೆ. ಪಕ್ಕದ ತೋಟದವರ ಜೊತೆ ಮಾತಾಡಿಕೊಂಡು ಮೂರು ಅರ್ಧ ಲೋಡನ್ನು ಎರಡು ಟ್ರಿಪ್ ಮಾಡಿದರೆ ಯಾವ ಪ್ಲಗ್ಗೂ ಕೊಡದಷ್ಟು ಉಳಿಯುತ್ತೆ. ಬರುವಾಗ ಬೇವಿನ ಹಿಂಡಿ, ಖಾಲಿ ಕ್ರೇಟು ಏನಾದರೂ ತನ್ನಿ.

ಗ್ಯಾಸ್ ವಾಸನೆ ಬಂದರೆ ಅದು ಮೈಲೇಜ್ ಪ್ರಶ್ನೆಯೇ ಅಲ್ಲ. ಗಾಡಿ ಆಫ್ ಮಾಡಿ, ಸಿಲಿಂಡರ್ ವಾಲ್ವ್ ಮುಚ್ಚಿ, ದೂರ ನಿಂತು ಅಧಿಕೃತ ಸರ್ವಿಸ್‌ನವರನ್ನು ಕರೆಸಿ. ಪೈಪಿಗೆ ನೀವೇ ಸ್ಪ್ಯಾನರ್ ಹಾಕಬೇಡಿ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಕಡ್ಡಾಯ. ಪ್ಲೇಟ್ ಮೇಲಿರೋ ತಾರೀಖಿನ ಫೋಟೋ ತೆಗೆದು, ಒಂದು ತಿಂಗಳ ಮುಂಚೆಗೆ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ. ಟೆಸ್ಟ್ ಅವಧಿ ಮುಗಿದಿದ್ದರೆ ಲೋಡ್ ಗಾಡಿಯಲ್ಲಿ ಹೋಗಿ ನಿಂತರೂ ಬಂಕಿನವರು ಗ್ಯಾಸ್ ಹಾಕೋಲ್ಲ ಅನ್ನಬಹುದು.