ಬೇಸಿಗೆ ರಜೆಯಲ್ಲಿ ಮಕ್ಕಳ ಕೈಯಿಂದ ಮಳೆಮಾಪಕ, ಮೊಳಕೆ ಸುರುಳಿ, ಮಟ್ಟದ ಚೌಕಟ್ಟು

ಏಪ್ರಿಲ್ ಎರಡನೆಯ ವಾರದಲ್ಲಿ ಶಾಲೆಗಳು ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕೊನೆಗೆ. ಮಳೆಯಾಶ್ರಿತ ಬೇಸಾಯ ಮಾಡುವ ರೈತ ಬಾಂಧವರಿಗೂ ಇದೇ ಕಾಲ ತುಸು ಬಿಡುವಿನದು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳಲ್ಲಿ ಯಾವುದಾದರೊಂದು ಹದ ಕೊಟ್ಟರೆ ಉಳುಮೆ ನಡೆಯುತ್ತದೆ. ಮುಖ್ಯ ಬಿತ್ತನೆ ಇನ್ನೂ ದೂರವಿರುತ್ತದೆ. ಮಕ್ಕಳು ತೆಂಗಿನ ಗರಿಯಲ್ಲಿ ಗಿರಗಟ್ಟೆ, ಪೀಪಿ ಮಾಡಿ ಆಡುವುದು ಒಳ್ಳೆಯದೇ. ಅದರ ಜೊತೆಗೆ ಅದೇ ಕೈಗಳಿಂದ ಮುಂಗಾರಿಗೆ ನಿಜವಾಗಿ ಬೇಕಾಗುವ ಮೂರು ಸಾಧನಗಳನ್ನೂ ಮಾಡಿಸಬಹುದು. ಖರ್ಚು ಅತ್ಯಲ್ಪ. ಆದರೆ ಇವು ತಿಳಿಸುವ ಸಂಗತಿಗಳಿಂದ ಬೀಜದ ಹಣ ಉಳಿಯುವುದುಂಟು, ಇವಿಲ್ಲದೆ ಕಳೆಯುವುದೂ ಉಂಟು.

ಮಳೆಮಾಪಕ

ನಮ್ಮಲ್ಲಿ ಮಳೆಯನ್ನು ‘ಉಳುವಷ್ಟು ಬಂತು’, ‘ನೀರು ಹರಿಯುವಷ್ಟು ಬಂತು’ ಎಂದು ಹೇಳುವ ರೂಢಿಯಿದೆ. ಈ ಮಾತುಗಳ ಹಿಂದೆ ಅನುಭವವಿದೆ, ನಿಜ. ಆದರೆ ಹೋದ ವರ್ಷದ ಹದವನ್ನು ಈ ವರ್ಷದ ಹದದೊಡನೆ ಹೋಲಿಸಲು ಇವು ಸಾಲವು. ಮಳೆಯನ್ನು ಅಳೆಯುವುದು ಹೊಸ ವಿದ್ಯೆಯೇನೂ ಅಲ್ಲ. ಉಗ್ರಾಣದ ಬಳಿ ಒಂದು ಮೊಳ ಬಾಯಿಯ ಪಾತ್ರೆಯನ್ನಿಟ್ಟು ಮಳೆ ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಹೇಳಿದೆ. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಾಪಕಗಳಿವೆ. ಆದರೆ ಬೇಸಿಗೆಯ ಗುಡುಗು ಮಳೆಯ ಸ್ವಭಾವ ನಿಮಗೆ ಗೊತ್ತೇ ಇದೆ. ಪಂಚಾಯಿತಿ ಕಚೇರಿಯ ಮೇಲೆ ಸುರಿದದ್ದು ಒಂದು ಮೈಲಿ ಆಚೆ ಇರುವ ನಿಮ್ಮ ಹೊಲದಲ್ಲಿ ಧೂಳು ಅಡಗಿಸುವಷ್ಟೂ ಬಿದ್ದಿರುವುದಿಲ್ಲ.

ಬಾಯಿಯೂ ತಳವೂ ಒಂದೇ ಅಗಲವಿರುವ, ನೆಟ್ಟಗಿನ ಗೋಡೆಯ ಯಾವುದೇ ಡಬ್ಬ ಮಳೆಮಾಪಕವಾಗಬಲ್ಲದು. ಅದರಲ್ಲಿ ನಿಂತ ನೀರಿನ ಆಳ 12 ಮಿ.ಮೀ. ಇದ್ದರೆ ಬಿದ್ದ ಮಳೆಯೂ 12 ಮಿ.ಮೀ. ಡಬ್ಬ ದೊಡ್ಡದಿರಲಿ ಚಿಕ್ಕದಿರಲಿ, ಆಳ ಒಂದೇ. ಮಕ್ಕಳು ಇದನ್ನು ಸುಲಭವಾಗಿ ನಂಬುವುದಿಲ್ಲ. ಎರಡು ಬೇರೆ ಬೇರೆ ಅಗಲದ ಡಬ್ಬಗಳನ್ನು ಅಕ್ಕಪಕ್ಕ ಇಡಿಸಿ, ತಾವೇ ಅಳೆದು ನೋಡಲಿ.

ಡಬ್ಬಕ್ಕಿಂತ ಅನುಕೂಲವಾದದ್ದು ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ. ನೆಟ್ಟಗಿನ ಭಾಗ ಮುಗಿದು ಕುತ್ತಿಗೆ ಕಿರಿದಾಗಲು ಆರಂಭವಾಗುವ ಜಾಗದಲ್ಲಿ ಅದನ್ನು ಕತ್ತರಿಸಬೇಕು. ಕತ್ತರಿಸುವ ಕೆಲಸ ದೊಡ್ಡವರದು. ಮುಚ್ಚಳ ತೆಗೆದ ಮೇಲ್ಭಾಗವನ್ನು ತಲೆಕೆಳಗಾಗಿ ಕೆಳಭಾಗದೊಳಗೆ ಇಳಿಸಿದರೆ ಆಲಿಕೆಯಾಯಿತು. ಇದರಿಂದ ನೀರು ಬೇಗ ಆವಿಯಾಗುವುದಿಲ್ಲ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅದು ಮುಚ್ಚುವಷ್ಟು ಸಣ್ಣ ಬೆಣಚುಕಲ್ಲು ಹಾಕಿ, ಕಲ್ಲಿನ ಮೇಲೆ ಬರುವಂತೆ ನೀರು ತುಂಬಿಸಿ, ಆ ಮಟ್ಟದಲ್ಲಿ ಸೊನ್ನೆ ಎಂದು ಗುರುತು ಮಾಡಬೇಕು. ಅಲ್ಲಿಂದ ಮೇಲಕ್ಕೆ ಶಾಲೆಯ ಅಳತೆಪಟ್ಟಿಯ ಮಿ.ಮೀ. ಗೆರೆಗಳನ್ನು ಅಳಿಸದ ಶಾಯಿಯಿಂದ ಎಳೆಯಿಸಿ. ಕಲ್ಲಿನ ಭಾರದಿಂದ ಬಾಟಲಿ ಗಾಳಿಗೆ ಉರುಳುವುದೂ ಇಲ್ಲ. ಅಳತೆ ತೆಗೆದ ಮೇಲೆ ಪ್ರತಿಸಲವೂ ನೀರನ್ನು ಸೊನ್ನೆ ಗುರುತಿಗೆ ತರುವುದನ್ನು ಮರೆಯಬಾರದು. ಬಿಸಿಲಿಗೆ ಅದು ಇಳಿದಿದ್ದರೂ ಮತ್ತೆ ತುಂಬಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದಿರುವ ಕೀಟನಾಶಕದ ಖಾಲಿ ಡಬ್ಬ, ಬಾಟಲಿಗಳು ನೆಟ್ಟಗೂ ಗಟ್ಟಿಯಾಗಿಯೂ ಇರುವುದರಿಂದ ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಅವೇ. ಎಷ್ಟು ತೊಳೆದರೂ ಅವನ್ನು ಆಟಕ್ಕಾಗಲಿ, ಅಳತೆಗಾಗಲಿ, ಮನೆಬಳಕೆಗಾಗಲಿ ಕೊಡಲೇಬಾರದು. ಚೀಟಿಯ ಮೇಲಿನ ತ್ರಿಕೋನ ಕೆಂಪಿರಲಿ, ಹಳದಿಯಿರಲಿ, ನೀಲಿಯಿರಲಿ, ಹಸಿರಿರಲಿ, ಈ ಮಾತು ಎಲ್ಲಕ್ಕೂ ಸಲ್ಲುತ್ತದೆ. ಖಾಲಿ ಡಬ್ಬಗಳನ್ನು ಒಡೆದು, ವಾಸದ ಜಾಗದಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಮಳೆಮಾಪಕದ ಕೆಲಸಕ್ಕೆ ಕೈಹಾಕುವ ಮೊದಲು ಕೊಟ್ಟಿಗೆಯ ಆ ಮೂಲೆಯನ್ನು ನೀವೇ ಖಾಲಿ ಮಾಡುವುದು ಲೇಸು.

ಮಾಪಕವನ್ನು ಬಯಲಿನಲ್ಲಿಡಬೇಕು. ಪಕ್ಕದಲ್ಲಿ 5 ಮೀಟರ್ ಎತ್ತರದ ಮರವಿದ್ದರೆ ಕನಿಷ್ಠ 10 ಮೀಟರ್ ದೂರವಿರಲಿ. ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಮೇಲಿದ್ದರೆ ನೆಲದಿಂದ ಸಿಡಿದ ಹನಿ ಒಳಗೆ ಬೀಳುವುದಿಲ್ಲ. ಹವಾಮಾನ ಇಲಾಖೆಯ ಕ್ರಮದಂತೆ ದಿನವೂ ಬೆಳಿಗ್ಗೆ 8.30ಕ್ಕೆ ನೋಡುವುದು ಉತ್ತಮ. ಹಿಂದಿನ 24 ಗಂಟೆಗಳಲ್ಲಿ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದಿದ್ದರೆ ಮಾತ್ರ ಇಲಾಖೆ ಅದನ್ನು ಮಳೆಯ ದಿನವೆಂದು ಎಣಿಸುತ್ತದೆ. ಹಳೆಯ ಪುಸ್ತಕವೊಂದರಲ್ಲಿ ತಾರೀಖು, ನಕ್ಷತ್ರ, ಮಿ.ಮೀ. ಎಂದು ಮೂರು ಕಲಮು ಎಳೆಯಿಸಿ. ಬರೆಯುವ ಜವಾಬ್ದಾರಿ ಒಂದೇ ಮಗುವಿನದಾಗಿರಲಿ. ಇಬ್ಬರಿಗೆ ವಹಿಸಿದರೆ ಒಬ್ಬರೂ ಬರೆಯುವುದಿಲ್ಲ.

ಈ ಅಂಕಿಯಿಂದ ಏನು ತಿಳಿಯುತ್ತದೆ? ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆಯೆಂದರೆ 1 ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್. ಆದ್ದರಿಂದ 20 ಮಿ.ಮೀ. ಮಳೆ ಎಕರೆಗೆ ಸುಮಾರು 80,000 ಲೀಟರ್, ಅಂದರೆ 5,000 ಲೀಟರಿನ 16 ಟ್ಯಾಂಕರ್ ನೀರು ತಂದಂತೆ. ಹೀಗೆಂದರೆ ಮಕ್ಕಳಿಗೆ ಬದುವಿನ ಬೆಲೆಯೂ ತಿಳಿಯುತ್ತದೆ. ಇನ್ನು ಬಿತ್ತನೆಯ ಮಾತು. ಒಣಗಿದ ಕೆಂಪು ಮಣ್ಣಿನಲ್ಲಿ 5 ಮಿ.ಮೀ. ಮಳೆ ತೋಯಿಸುವುದು ಮೇಲಿನ ಎರಡು ಬೆರಳಿನಷ್ಟು ಮಣ್ಣನ್ನು ಮಾತ್ರ. 25 ಮಿ.ಮೀ. ಬಿದ್ದು, ಹರಿದುಹೋಗದೆ ಇಂಗಿದರೆ ಹಸಿ ಸುಮಾರು ಅರ್ಧ ಅಡಿ ಇಳಿಯುತ್ತದೆ. ಸಣ್ಣ ಮಳೆಯನ್ನು ನಂಬಿ ಬಿತ್ತಿದ ಬೀಜ ಮೊಳಕೆಯೊಡೆದು, ಬೇರು ಕೆಳಗೆ ಹಸಿ ಕಾಣದೆ ಒಣಗುವುದು ಹೀಗೆಯೇ. ಮಳೆಯ ಮರುದಿನ ಮಗು ಅಂಕಿ ಬರೆಯಲಿ, ನೀವು ಗುದ್ದಲಿಯಿಂದ ಕೆದಕಿ ಹಸಿಯ ಆಳ ನೋಡಿ, ಅದನ್ನೂ ಅದೇ ಸಾಲಿನಲ್ಲಿ ಬರೆಯಿಸಿ. ನಿಮ್ಮ ಮಣ್ಣಿಗೆ ಎಷ್ಟು ಮಿ.ಮೀ. ಮಳೆ ಹದವೆಂಬುದು ಎರಡು ಮೂರು ಮುಂಗಾರುಗಳಲ್ಲಿ ಆ ಪುಸ್ತಕದಲ್ಲಿಯೇ ಸಿಗುತ್ತದೆ.

ಮೊಳಕೆ ಸುರುಳಿ

ಬಿತ್ತನೆಗೆ ಮನೆಯ ಬೀಜವನ್ನೇ ಇಟ್ಟುಕೊಂಡವರು ಮೇ ಎರಡನೆಯ ವಾರದೊಳಗೆ ಈ ಪರೀಕ್ಷೆ ಮುಗಿಸಬೇಕು. ಬೀಜ ಕೆಟ್ಟಿದ್ದರೆ ಬದಲಿ ಬೀಜ ಹೊಂದಿಸಲು ಆಗ ಸಮಯವಿರುತ್ತದೆ. ನೆಲಗಡಲೆಯಲ್ಲಂತೂ ಇದು ಅತ್ಯಗತ್ಯ. ಅದರ ಬೀಜ ಎಣ್ಣೆಯ ಕಾಳು; ತೇವಕ್ಕೂ ಸೆಕೆಗೂ ಬೇಗ ಸೋಲುತ್ತದೆ. ಆದಕಾರಣ ಕಾಯಿಯಾಗಿಯೇ ಇಟ್ಟು, ಬಿತ್ತನೆ ಹತ್ತಿರವಾದಾಗ ಸುಲಿಯುವುದೇ ಸರಿ.

ಒಂದು ಗೋಣಿತಾಟಿನ ತುಂಡನ್ನು ನೀರಿನಲ್ಲಿ ಕುದಿಸಿ, ಆರಿಸಿ, ತೊಟ್ಟಿಕ್ಕದಂತೆ ಹಿಂಡಿಕೊಳ್ಳಿ. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ಕಾಯಿ ತೆಗೆದು ಸುಲಿದು, ಆರಿಸದೆ ಎಣಿಸಿದ 100 ಕಾಳುಗಳನ್ನು ಹತ್ತು ಸಾಲಿಗೆ ಹತ್ತರಂತೆ ತಾಟಿನ ಮೇಲೆ ಮಕ್ಕಳಿಂದ ಜೋಡಿಸಿಸಬೇಕು. ದಪ್ಪ ದಪ್ಪ ಕಾಳುಗಳನ್ನೇ ಹೆಕ್ಕುವ ಆಸೆ ಅವರಿಗೆ ಸಹಜ. ಹಾಗೆ ಮಾಡಿದರೆ ಪರೀಕ್ಷೆ ಮಾಡಿಯೂ ಮಾಡದಂತೆ. ಇನ್ನೊಂದು ಒದ್ದೆ ತಾಟು ಹೊದಿಸಿ, ಚಾಪೆಯಂತೆ ಸಡಿಲವಾಗಿ ಸುತ್ತಿ, ಎರಡು ಕಡೆ ದಾರ ಕಟ್ಟಿ ನೆರಳಿನಲ್ಲಿಡಿ. ದಿನವೂ ನೀರು ಚಿಮುಕಿಸಿದರೆ ಸಾಕು. ಐದನೆಯ ದಿನ ಒಮ್ಮೆ, ಹತ್ತನೆಯ ದಿನ ಒಮ್ಮೆ ಬಿಚ್ಚಿ ಎಣಿಸಬೇಕು. ಬೇರು, ಚಿಗುರು ಎರಡೂ ಸರಿಯಾಗಿ ಬಂದವು ಮಾತ್ರ ಲೆಕ್ಕಕ್ಕೆ. ಬರೀ ಉಬ್ಬಿದ್ದು, ಕೊಳೆತದ್ದು, ಬೂಷ್ಟು ಹಿಡಿದದ್ದು ಲೆಕ್ಕಕ್ಕಿಲ್ಲ. ರಾಗಿಯನ್ನು ತಟ್ಟೆಯಲ್ಲಿ ಹಾಸಿದ ಒದ್ದೆ ಬಟ್ಟೆಯ ಮೇಲೆ ನೋಡಿದರಾಯಿತು, ಎಂಟು ದಿನ ಸಾಕು. ಅಷ್ಟು ಸಣ್ಣ ಕಾಳನ್ನು ಎಣಿಸಲು ನಮ್ಮ ಬೆರಳಿಗಿಂತ ಅವರ ಬೆರಳೇ ಮೇಲು.

ಪ್ರಮಾಣಿತ ಬೀಜದಲ್ಲಿ ನೆಲಗಡಲೆ ನೂರಕ್ಕೆ 70, ರಾಗಿ ಮತ್ತು ತೊಗರಿ 75, ಭತ್ತ 80 ಆದರೂ ಮೊಳೆಯಬೇಕೆಂಬ ನಿಯಮವಿದೆ. ಎಕರೆಗೆ 40 ಕಿ.ಗ್ರಾಂ. ನೆಲಗಡಲೆ ಬೀಜ ಬಿತ್ತುವಾಗ ನೂರಕ್ಕೆ 50 ಮಾತ್ರ ಮೊಳೆಯುವುದಾದರೆ 20 ಕಿ.ಗ್ರಾಂ. ಮಣ್ಣುಪಾಲಾದಂತೆಯೇ. ಮೊಳಕೆ ಅರವತ್ತರ ಆಸುಪಾಸಿನಲ್ಲಿದ್ದರೆ ಬೀಜದ ಪ್ರಮಾಣ ಹೆಚ್ಚಿಸಿ ಸುಧಾರಿಸಿಕೊಳ್ಳಬಹುದು. ಐವತ್ತಕ್ಕೆ ಇಳಿದರೆ ಆ ಬೀಜದ ಆಸೆ ಬಿಡುವುದೇ ವಾಸಿ. ಮೊಳೆತ ಸಸಿಗಳೂ ಹೊಲದಲ್ಲಿ ಸೊರಗುತ್ತವೆ. ಔಷಧಿ ಲೇಪಿಸಿದ, ಬಣ್ಣ ಬಳಿದ ಬೀಜವನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ.

ಮಟ್ಟದ ಚೌಕಟ್ಟು

ಇಳಿಜಾರು ಹೊಲವಿದ್ದವರಿಗೆ ಇದು. ಸುಮಾರು 2 ಮೀಟರ್ ಉದ್ದದ ಎರಡು ಬಿದಿರು ಗಳಗಳ ತುದಿಗಳನ್ನು ಸೇರಿಸಿ ಕಟ್ಟಿ, ಕಾಲುಗಳನ್ನು ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿಯಬೇಕು. ಮೇಲಿನ ಗಂಟಿನಿಂದ ದಾರಕ್ಕೆ ಕಲ್ಲು ಕಟ್ಟಿ, ದಾರ ಅಡ್ಡಪಟ್ಟಿಯನ್ನು ದಾಟುವಂತೆ ಇಳಿಬಿಡಬೇಕು. ಎರಡು ಗೂಟಗಳ ಮೇಲೆ ಕಾಲುಗಳನ್ನಿಟ್ಟು ದಾರ ನಿಂತಲ್ಲಿ ಒಂದು ಗುರುತು. ಕಾಲುಗಳನ್ನು ಅದಲುಬದಲು ಮಾಡಿ, ಅದೇ ಗೂಟಗಳ ಮೇಲಿಟ್ಟು ಇನ್ನೊಂದು ಗುರುತು. ಎರಡರ ನಟ್ಟನಡುವೆ ಮೂರನೆಯದು, ಅದೇ ಮಟ್ಟದ ಗುರುತು. ಗೂಟಗಳು ಏರುಪೇರಾಗಿದ್ದರೂ ಈ ನಡುಗುರುತು ತಪ್ಪುವುದಿಲ್ಲ, ಏಕೆಂದರೆ ಒಂದು ಸಲ ದಾರ ಎಷ್ಟು ಎಡಕ್ಕೆ ಸರಿಯಿತೋ ಇನ್ನೊಂದು ಸಲ ಅಷ್ಟೇ ಬಲಕ್ಕೆ ಸರಿದಿರುತ್ತದೆ.

ಹೊಲದ ಒಂದು ಅಂಚಿನಲ್ಲಿ ಮೊದಲ ಕಾಲನ್ನು ಊರಿ, ಎರಡನೆಯ ಕಾಲನ್ನು ದಾರ ನಡುಗುರುತಿಗೆ ಬರುವ ತನಕ ಮೇಲೆ ಕೆಳಗೆ ಸರಿಸಿ, ಅಲ್ಲಿ ಗೂಟ ಹೊಡೆಯಬೇಕು. ಬಳಿಕ ಆ ಗೂಟದ ಬಳಿ ಮೊದಲ ಕಾಲು, ಮುಂದೆ ಎರಡನೆಯದು. ಚೌಕಟ್ಟು ಹಿಡಿಯಲು ಒಬ್ಬರು, ದಾರ ನೋಡಲು ಒಬ್ಬರು, ಗೂಟ ಹೊಡೆಯಲು ಒಬ್ಬರು ಬೇಕು. ಗಾಳಿ ಬೀಸುವಾಗ ದಾರ ನಿಲ್ಲದು. ಬಿಸಿಲೂ ಏರಿರದ ಬೆಳಗಿನ ಹೊತ್ತು ಅನುಕೂಲ. ಗೂಟಗಳ ಸಾಲು ಅಲ್ಲಲ್ಲಿ ತೀರ ಡೊಂಕಾಗಿ ಕಂಡರೆ ಒಂದೆರಡು ಗೂಟಗಳನ್ನು ಸರಿಸಿ, ನೇಗಿಲು ತಿರುಗುವಷ್ಟು ನಯಗೊಳಿಸಬಹುದು. ನಂತರ ಆ ಗೆರೆಯ ಗುಂಟ ಒಂದು ಸಾಲು ಉತ್ತುಬಿಡಿ. ಮುಂದಿನ ಉಳುಮೆಯನ್ನೂ ಬಿತ್ತನೆಯನ್ನೂ ಅದಕ್ಕೆ ಸಮನಾಗಿ ನಡೆಸಿದರೆ ಪ್ರತಿ ಸಾಲೂ ನೀರಿಗೆ ಅಡ್ಡ ನಿಲ್ಲುತ್ತದೆ. ಗೂಟಗಳನ್ನು ಕೃತ್ತಿಕೆ ಮಳೆಗೆ ಮುಂಚೆ ಹೊಡೆದು ಮುಗಿಸಿದರೆ ಅದರ ಹದದಲ್ಲಿಯೇ ಈ ಉಳುಮೆ ಮಾಡಬಹುದು.