ಕೆನ್ನೆಯ ಗಂಟು: ಕೊಯ್ಯಬೇಕೇ, ಕಾಯಬೇಕೇ?

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಪತ್ರಿಕೆ ಓದಲು ಬರುವ ಹಿರಿಯರೊಬ್ಬರಿಗೆ ಕಿವಿಯ ಕೆಳಗೆ ಗೋಲಿಯಷ್ಟು ಗಂಟು ಕಾಣಿಸಿಕೊಂಡಿತು. ನೋವಿಲ್ಲ, ಜ್ವರವಿಲ್ಲ. ಸೂಜಿ ಚುಚ್ಚಿ ಪರೀಕ್ಷಿಸಿದ ವೈದ್ಯರು “ಸದ್ಯಕ್ಕೆ ಕೊಯ್ಯುವುದು ಬೇಡ, ಆರು ತಿಂಗಳು ಬಿಟ್ಟು ಬನ್ನಿ” ಎಂದರು. ಕೋಣೆಯ ಜೊತೆಗಾರರು “ಬಡವರೆಂದು ಸಾಗಹಾಕಿದ್ದಾರೆ” ಎಂದುಬಿಟ್ಟರು. ಹಿರಿಯರಿಗೆ ಒಂದು ವಾರ ಅನ್ನ ಸೇರಲಿಲ್ಲ. ಅವರಿಗಾಗಿ ಬಲ್ಲವರನ್ನು ಕೇಳಿ ನಾವು ತಿಳಿದುಕೊಂಡದ್ದನ್ನು ವಾಚಕರ ಮುಂದೆಯೂ ಇಡುತ್ತಿದ್ದೇವೆ.

ಜೊಲ್ಲು ಸುರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ: ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಗೆ. ಕಿವಿಯ ಮುಂದಿನ ಗ್ರಂಥಿಯಲ್ಲಿ ಏಳುವ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು 80 ಕ್ಯಾನ್ಸರ್ ಅಲ್ಲ. ಉಳಿದ ಗ್ರಂಥಿಗಳಲ್ಲಿ ಇಷ್ಟು ಭರವಸೆಯಿಲ್ಲ.

ಕ್ಯಾನ್ಸರ್ ಅಲ್ಲದಿದ್ದರೂ ಕೊಯ್ದು ತೆಗೆದುಬಿಟ್ಟರೆ ನಿಶ್ಚಿಂತೆಯಲ್ಲವೇ ಎಂದು ನಾವೂ ಕೇಳಿದೆವು. ತೊಡಕು ಮುಖದ ನರದ್ದು. ಕಣ್ಣು ಮುಚ್ಚಿಸುವ, ತುಟಿ ಅಲುಗಿಸುವ ನರ ಈ ಗ್ರಂಥಿಯ ನಡುವೆಯೇ ಕವಲೊಡೆದು ಹಾಯುತ್ತದೆ. ಕೊಯ್ಯುವಾಗ ಅದಕ್ಕೆ ತಗಲಿದರೆ ಬಾಯಿ ಸೊಟ್ಟಗಾಗುತ್ತದೆ, ರೆಪ್ಪೆ ಮುಚ್ಚುವುದಿಲ್ಲ. ಬಹುಮಂದಿಗೆ ಕೆಲವು ವಾರ ಅಥವಾ ತಿಂಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಹಾಗೆಯೇ ಉಳಿಯುವುದೂ ಉಂಟು.

ಆದುದರಿಂದ ಗಂಟು ಯಾವ ಜಾತಿಯದೆಂಬುದೇ ಮುಖ್ಯ. ನಮ್ಮ ಹಿರಿಯರದು ವಾರ್ಥಿನ್ ಗೆಡ್ಡೆ. 1929ರಲ್ಲಿ ಇದನ್ನು ವರ್ಣಿಸಿದ ಅಮೆರಿಕದ ವೈದ್ಯರ ಹೆಸರು ಅದಕ್ಕಿದೆ. ಬೀಡಿ ಸಿಗರೇಟು ಸೇದುವ ವಯಸ್ಸಾದವರಲ್ಲಿ ಇದು ಹೆಚ್ಚು. ಒಮ್ಮೊಮ್ಮೆ ಎರಡೂ ಕಡೆ ಏಳುತ್ತದೆ. ಇದು ಕ್ಯಾನ್ಸರ್ ಆಗಿ ತಿರುಗುವುದು ಅತಿ ವಿರಳ. ರೋಗಿಗೆ ಹೃದಯದ, ಪುಪ್ಪುಸದ ಬೇನೆಯೂ ಇದ್ದರೆ ಕಾದು ನೋಡುವುದೇ ಲೇಸು. (ನಮ್ಮ ಹಿರಿಯರಿಗೆ ನಲವತ್ತು ವರ್ಷದ ಬೀಡಿ, ಜೊತೆಗೆ ದಮ್ಮು.)

ಇನ್ನೊಂದು ಪ್ಲಿಯೋಮಾರ್ಫಿಕ್ ಅಡಿನೋಮಾ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಇಂದು ನಿರಪಾಯವಾದರೂ ವರ್ಷಗಳು ಕಳೆದಂತೆ ಕೆಲವರಲ್ಲಿ ಕ್ಯಾನ್ಸರ್ ಆಗಿ ತಿರುಗುತ್ತದೆ. ಆದಕಾರಣ ಗಟ್ಟಿಮುಟ್ಟಾದವರಿಗೆ, ಅದರಲ್ಲೂ ಎಳೆಯರಿಗೆ, ತೆಗೆಸಿಕೊಳ್ಳಿರೆಂದೇ ವೈದ್ಯರು ಹೇಳುವುದು. ಒಬ್ಬರಿಗೆ ಹೇಳಿದ ಮಾತನ್ನು ಇನ್ನೊಬ್ಬರು ತಮಗೆ ಹಚ್ಚಿಕೊಳ್ಳಬಾರದು.

ಕಾಯುವುದೆಂದರೆ ಮರೆಯುವುದಲ್ಲ. ಹೇಳಿದ ದಿನ ಹೋಗಿ ಅಲ್ಟ್ರಾಸೌಂಡ್ ಅಥವಾ ಎಂ.ಆರ್.ಐ. ಮಾಡಿಸಿ ಗಂಟಿನ ಅಳತೆಯನ್ನು ಹಿಂದಿನದರೊಡನೆ ಹೋಲಿಸಬೇಕು. ಹಳೆಯ ಕಾಗದವಿಲ್ಲದಿದ್ದರೆ ಹೋಲಿಸುವುದು ಯಾವುದರೊಡನೆ? ಕೋಣೆ ಬದಲಿಸುವಾಗ ಮೊದಲು ಕಳೆಯುವುದೇ ಆಸ್ಪತ್ರೆಯ ಕಾಗದ. ಜಾತ್ರೆಗೆ ಊರಿಗೆ ಹೋಗುವವರು ತಾರೀಖನ್ನು ಮೊದಲೇ ನೋಡಿಕೊಳ್ಳಲಿ.

ಗಂಟು ಬೇಗಬೇಗನೆ ಬೆಳೆದರೆ, ನೋವು ಬಂದರೆ, ಕಲ್ಲಿನಂತಾಗಿ ಅಲುಗಾಡದಿದ್ದರೆ, ಮುಖ ಸೊಟ್ಟಗಾದರೆ, ಕತ್ತಿನಲ್ಲಿ ಬೇರೆ ಗಂಟು ಎದ್ದರೆ ತಾರೀಖು ಕಾಯದೆ ಅಂದೇ ಹೋಗಬೇಕು. ಸೂಜಿ ಪರೀಕ್ಷೆಯೂ ಒಮ್ಮೊಮ್ಮೆ ತಪ್ಪುವುದುಂಟು. ತಿಕ್ಕುವುದು, ಬರೆ ಹಾಕಿಸುವುದು ಖಂಡಿತ ಬೇಡ.

ಹಿರಿಯರು ಈಗ ಎರಡನೆಯ ತಪಾಸಣೆ ಮುಗಿಸಿ ಬಂದಿದ್ದಾರೆ. ಗಂಟು ಅಷ್ಟೇ ಇದೆ. ಬೀಡಿ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ.